ಉಕ್ಕಿನ ಇಂಗಾಲ ಇಳಿಸುವ ಇಂಜಿನಿಯರುಗಳನ್ನು ಕರಾವಳಿಯಲ್ಲೇ ತಯಾರು ಮಾಡಿ: ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಉನ್ನತ ಶಿಕ್ಷಣ ಸಚಿವರಿಗೆ, ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರಿಗೆ, ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳ ಇಂಜಿನಿಯರಿಂಗ್ ಕಾಲೇಜು ಮತ್ತು ಪಾಲಿಟೆಕ್ನಿಕ್‌ಗಳ ಪ್ರಾಂಶುಪಾಲರಿಗೆ

ಮಾನ್ಯರೇ,

ಬ್ಲಾಸ್ಟ್ ಫರ್ನೇಸ್‌ನಲ್ಲಿ (ಬಿಸಿಗಾಳಿ ಊದಿ ಅದಿರನ್ನು ಕಬ್ಬಿಣವಾಗಿಸುವ ಕುಲುಮೆ) ಒಂದು ಟನ್ ಕಬ್ಬಿಣ ತೆಗೆಯಲು ಸುಮಾರು 400 ಕಿಲೋ ಕೋಕ್ (ಗಾಳಿಯಿಲ್ಲದೆ ಕಾಯಿಸಿ ಗಟ್ಟಿ ಮಾಡಿದ ಕಲ್ಲಿದ್ದಲು), 150 ಕಿಲೋ ಕಲ್ಲಿದ್ದಲು ಪುಡಿ ಬೇಕು. ಕೋಕ್‌ನಲ್ಲಿ ಶೇ. 85, ಪುಡಿಯಲ್ಲಿ ಶೇ. 80 ಇಂಗಾಲವಿದೆ ಎಂದಿಟ್ಟುಕೊಂಡರೆ ಒಟ್ಟು 460 ಕಿಲೋ ಇಂಗಾಲ. 44ರಿಂದ ಗುಣಿಸಿ 12ರಿಂದ ಭಾಗಿಸಿದರೆ ಸುಮಾರು 1,690 ಕಿಲೋ ಕಾರ್ಬನ್ ಡೈಆಕ್ಸೈಡ್. ಕೋಕ್ ಓವನ್, ಸಿಂಟರ್ (ಅದಿರು ಪುಡಿಯನ್ನು ಸುಟ್ಟು ಗಟ್ಟಿ ಮಾಡುವುದು), ಸುಣ್ಣ, ರೋಲಿಂಗ್, ವಿದ್ಯುತ್ ಎಲ್ಲವನ್ನೂ ಸೇರಿಸಿದರೆ ಲೆಕ್ಕ ಎರಡು ಟನ್ ದಾಟುತ್ತದೆ. ನಮ್ಮ ದೇಶದ ಸರಾಸರಿ ಒಂದು ಟನ್ ಕಚ್ಚಾ ಉಕ್ಕಿಗೆ ಸುಮಾರು 2.5 ಟನ್.

ಈ ಗುಣಾಕಾರಕ್ಕೆ ಪಿಯುಸಿ ರಸಾಯನಶಾಸ್ತ್ರ ಸಾಕು. ಆದರೆ ಆ 400 ಎಂಬ ಅಂಕಿ ನಿಜವೇ ಎಂದು ಪತ್ತೆ ಮಾಡಲು, ನಿಜವಾಗಿದ್ದರೆ ಅದನ್ನು 390ಕ್ಕೆ ಇಳಿಸಲು ಇಂಜಿನಿಯರ್ ಬೇಕು. ಅಂಥವರನ್ನು ನಮ್ಮ ಕರಾವಳಿಯಲ್ಲೇ ತಯಾರು ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ. ನಾವು ಉಕ್ಕು, ಪೆಲೆಟ್ (ಅದಿರು ಪುಡಿಯನ್ನು ಉಂಡೆ ಕಟ್ಟಿ ಸುಟ್ಟದ್ದು), ಫೌಂಡ್ರಿ ಕೆಲಸ ಬಲ್ಲ ಇಂಜಿನಿಯರುಗಳು.

ಈಗಲೇ ಯಾಕೆ ಎಂದರೆ, ಕೇಂದ್ರ ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕಿಗೆ ಗೆರೆ ಹಾಕಿಯಾಗಿದೆ. ಒಂದು ಟನ್ ಸಿದ್ಧ ಉಕ್ಕಿಗೆ 2.2 ಟನ್‌ಗಿಂತ ಕಡಿಮೆ ಹೊರಸೂಸಿದರೆ ಮಾತ್ರ ಅದು ಹಸಿರು. 2.0ರಿಂದ 2.2ರವರೆಗೆ ಮೂರು ನಕ್ಷತ್ರ, 1.6ರಿಂದ 2.0ರವರೆಗೆ ನಾಲ್ಕು, 1.6ಕ್ಕಿಂತ ಕೆಳಗೆ ಐದು. ಯುರೋಪಿಗೆ ಹೋಗುವ ಉಕ್ಕಿಗೆ 2026ರ ಜನವರಿ 1ರಿಂದ ಗಡಿಯಲ್ಲಿ ಇಂಗಾಲದ ಬೆಲೆ ಲೆಕ್ಕ ಹಾಕುವ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂದಿದೆ. ಇಂಗಾಲ ಇಷ್ಟು ದಿನ ಪರಿಸರ ವಿಭಾಗದ ವಾರ್ಷಿಕ ವರದಿಯಲ್ಲಿ ಕೂತಿತ್ತು. ಈಗ ಅದು ಮಾರಾಟದ ಬಿಲ್ಲಿನೊಳಗೆ ಬಂದಿದೆ. ಬಿಲ್ಲಿನಲ್ಲಿ ಬರುವ ಅಂಕಿಗೆ ಯಾರಾದರೂ ಜವಾಬ್ದಾರಿಯಿಂದ ಸಹಿ ಹಾಕಬೇಕಲ್ಲ, ಆ ಸಹಿ ಹಾಕಬಲ್ಲವರು ದೇಶದಲ್ಲಿ ಸಾಲದು.

ಆ ಕೆಲಸದ ಸ್ವರೂಪ ತಿಳಿಯಲು ಕೋಕ್‌ನ ತೇವಾಂಶ ಒಂದನ್ನೇ ತೆಗೆದುಕೊಳ್ಳಿ. ಕೋಕ್ ರಂಧ್ರಗಳ ವಸ್ತು, ಅದರ ಗಾತ್ರದಲ್ಲಿ ಅರ್ಧದಷ್ಟು ಬರೀ ರಂಧ್ರ. ನಮ್ಮ ಆಟಿ ತಿಂಗಳ ಮಳೆಗೆ ತೆರೆದ ಯಾರ್ಡಿನಲ್ಲಿ ಬಿದ್ದಿರುವ ಕೋಕ್ ಎಷ್ಟು ನೀರು ಕುಡಿಯುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತೂಕದ ಬೆಲ್ಟ್ ಒಂದು ಟನ್ ಕಬ್ಬಿಣಕ್ಕೆ 420 ಕಿಲೋ ಕೋಕ್ ಹೋಯಿತು ಎನ್ನುತ್ತದೆ. ಬೆಳಗಿನ ಪಾಳಿಯಲ್ಲಿ ತೆಗೆದ ಸ್ಯಾಂಪಲ್‌ನಲ್ಲಿ ತೇವಾಂಶ ಶೇ. 2 ಎಂದು ಬರೆದಿದೆ. ಹತ್ತು ಗಂಟೆಗೆ ಮಳೆ ಹೊಡೆದು ತೇವಾಂಶ ಶೇ. 7ಕ್ಕೆ ಏರಿತು, ಪುಸ್ತಕದಲ್ಲಿ ಮಾತ್ರ 2 ಹಾಗೇ ಉಳಿಯಿತು. ಪುಸ್ತಕದ ಪ್ರಕಾರ ಒಣ ಕೋಕ್ 411 ಕಿಲೋ ಚಿಲ್ಲರೆ, ನಿಜವಾಗಿ ಹೋದದ್ದು 390 ಚಿಲ್ಲರೆ. ವ್ಯತ್ಯಾಸ 21 ಕಿಲೋ ಕೋಕ್, ಅಂದರೆ ಸುಮಾರು 18 ಕಿಲೋ ಇಂಗಾಲ, 65 ಕಿಲೋ ಕಾರ್ಬನ್ ಡೈಆಕ್ಸೈಡ್. ಮೂರು ನಕ್ಷತ್ರದ ಇಡೀ ಪಟ್ಟಿಯ ಅಗಲವೇ 200 ಕಿಲೋ, ಅದರ ಮೂರನೇ ಒಂದು ಪಾಲು ಒಂದು ಮಳೆಯಲ್ಲಿ ಹೋಯಿತು. ವರ್ಷಕ್ಕೆ 10 ಲಕ್ಷ ಟನ್ ತೆಗೆಯುವ ಕಾರ್ಖಾನೆಯಲ್ಲಿ ಇದೇ ತಪ್ಪು ಇಡೀ ವರ್ಷ ಉಳಿದರೆ ಕಾಗದದ ಮೇಲೆ 65,000 ಟನ್ ಏರುಪೇರು.

ಕಾಗದಕ್ಕಷ್ಟೇ ಆಗುವ ನಷ್ಟವಾಗಿದ್ದರೆ ನಾವು ಇಷ್ಟು ಹೇಳುತ್ತಿರಲಿಲ್ಲ. ಫರ್ನೇಸ್‌ಗೆ ಲೆಕ್ಕಕ್ಕಿಂತ ಕಡಿಮೆ ಇಂಗಾಲ ಹೋದಾಗ ಒಳಗಿನ ಶಾಖ ಬೀಳುತ್ತದೆ, ಕಬ್ಬಿಣದಲ್ಲಿ ಸಿಲಿಕಾನ್ ಇಳಿಯುತ್ತದೆ, ಸ್ಲ್ಯಾಗ್ (ಕರಗಿದ ಕಲ್ಮಶ) ಮಂದವಾಗುತ್ತದೆ. ಒಮ್ಮೆ ಒಲೆ ತಣ್ಣಗಾದರೆ ದಿನಗಟ್ಟಲೆ ಒದ್ದಾಟ. ಆ ಭಯಕ್ಕೆ ಪಾಳಿಯ ಆಪರೇಟರ್ ಮಳೆಗಾಲ ಪೂರ್ತಿ ಹತ್ತಿಪ್ಪತ್ತು ಕಿಲೋ ಕೋಕ್ ಹೆಚ್ಚಿಗೆ ಹಾಕಿಕೊಂಡೇ ಇರುತ್ತಾನೆ. ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಾರೆ. ತೇವಾಂಶದ ಅಂಕಿಯನ್ನು ನಂಬಬಹುದು ಎಂದಾದ ದಿನ ಆ ಹೆಚ್ಚುವರಿ ಕೋಕನ್ನು ಅವನೇ ನಿಲ್ಲಿಸುತ್ತಾನೆ. ಹೊಸ ಯಂತ್ರವಿಲ್ಲದೆ, ವಿದೇಶಿ ತಂತ್ರಜ್ಞಾನವಿಲ್ಲದೆ ಇಳಿಯುವ ಇಂಗಾಲವೆಂದರೆ ಇದು.

ನಂಬುವ ಅಂಕಿ ಬರುವುದು ಹೀಗೆ. ಸ್ಯಾಂಪಲನ್ನು ರಾಶಿಯ ಮೇಲಿನಿಂದ ತೆಗೆಯಬಾರದು, ಮೇಲ್ಭಾಗ ಬಿಸಿಲಿಗೆ ಒಣಗಿ ಬುಡ ನೆನೆದಿರುತ್ತದೆ. ಬೆಲ್ಟ್ ನಿಲ್ಲಿಸಿ ಅದರ ಪೂರ್ತಿ ಅಗಲದಿಂದ ತೆಗೆಯಬೇಕು, ದಪ್ಪ ತುಂಡೂ ಪುಡಿಯೂ ಇದ್ದ ಪ್ರಮಾಣದಲ್ಲೇ ಬರಬೇಕು, ಏಕೆಂದರೆ ಸಣ್ಣ ಕೋಕ್ ಹೆಚ್ಚು ನೀರು ಹಿಡಿಯುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಒಯ್ದು ತಕ್ಷಣ ತೂಗಬೇಕು, 105ರಿಂದ 110 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಬೇಕು. ಮಳೆ ಬಂದರೆ ಪಾಳಿಗೊಮ್ಮೆ ಸಾಲದು, ಎರಡು ಗಂಟೆಗೊಮ್ಮೆ ತೆಗೆಯಬೇಕು. ಒದ್ದೆ ಪುಡಿ ಬೆಲ್ಟಿಗೆ ಅಂಟಿ ತೂಕದ ಸೊನ್ನೆಯೂ ಜರುಗುತ್ತದೆ, ಆದ್ದರಿಂದ ಪ್ರತಿ ಪಾಳಿಯಲ್ಲಿ ಖಾಲಿ ಬೆಲ್ಟ್ ಓಡಿಸಿ ಸೊನ್ನೆ ನೋಡಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ಬ್ಲಾಸ್ಟ್ ಫರ್ನೇಸ್‌ನ ರಾಸಾಯನಿಕ ಸಮೀಕರಣಗಳಿವೆ, ಈ ಪ್ಯಾರಾದಲ್ಲಿರುವುದು ಇಲ್ಲ.

ಉಳಿದ ಉಪಾಯಗಳೂ ಇಂಥವೇ. ಊದುವ ಬಿಸಿಗಾಳಿಯ ಉಷ್ಣತೆಯನ್ನು 100 ಡಿಗ್ರಿ ಏರಿಸಿದರೆ ಟನ್ನಿಗೆ 10ರಿಂದ 15 ಕಿಲೋ ಕೋಕ್ ಉಳಿಯುತ್ತದೆ. ಒಂದು ಕಿಲೋ ಕಲ್ಲಿದ್ದಲು ಪುಡಿ ಊದಿದರೆ 0.8ರಿಂದ 0.9 ಕಿಲೋ ಕೋಕ್ ಕಡಿಮೆಯಾಗುತ್ತದೆ, ಆದರೆ ಪುಡಿ ಹೆಚ್ಚಾದಂತೆ ಜ್ವಾಲೆ ತಣ್ಣಗಾಗುವುದರಿಂದ ಆಮ್ಲಜನಕ ಕೂಡಿಸಬೇಕು, ಉರಿಯದ ಪುಡಿ ಗಾಳಿಯ ದಾರಿ ಕಟ್ಟದಂತೆ ನೋಡಬೇಕು. ಆಮ್ಲಜನಕ ಊದಿ ಕಬ್ಬಿಣವನ್ನು ಉಕ್ಕು ಮಾಡುವ ಎಲ್‌ಡಿ ಕನ್ವರ್ಟರ್‌ನಿಂದ ಟನ್ನಿಗೆ 80ರಿಂದ 100 ಘನ ಮೀಟರ್ ಗ್ಯಾಸ್ ಹಿಡಿಯಬಹುದು, ಅದರ ಬಾಯಿಗೆ ಗಾಳಿ ನುಗ್ಗದಂತೆ ತಡೆಯುವ ಸ್ಕರ್ಟ್ ಸರಿಯಾಗಿ ಇಳಿಸದಿದ್ದರೆ ಅದು ಅಲ್ಲೇ ಉರಿದುಹೋಗುತ್ತದೆ.

ಕರಾವಳಿಯ ಸಣ್ಣ ಘಟಕಗಳಿಗೂ ಇದು ಅನ್ವಯ. ಫೌಂಡ್ರಿಯ ಇಂಡಕ್ಷನ್ ಫರ್ನೇಸ್ ಒಂದು ಟನ್ ಕರಗಿಸಲು 600 ಯೂನಿಟ್ ತಿನ್ನುತ್ತಿದ್ದರೆ ಗ್ರಿಡ್ ವಿದ್ಯುತ್ತಿನ ಯೂನಿಟ್ಟಿಗೆ ಸುಮಾರು 0.72 ಕಿಲೋದಂತೆ 430 ಕಿಲೋ ಕಾರ್ಬನ್ ಡೈಆಕ್ಸೈಡ್. ಅದನ್ನು 520 ಯೂನಿಟ್ಟಿಗೆ ತರುವುದು ಸಾಧ್ಯ: ಸ್ಕ್ರ್ಯಾಪಿನ ಮಣ್ಣು ತುಕ್ಕು ಉದುರಿಸಿ ಹಾಕುವುದು, ಅಚ್ಚು ತಯಾರಾಗುವ ಮೊದಲೇ ಕರಗಿಸಿಟ್ಟು ಕಾಯದಿರುವುದು, ಎಲ್ಲಕ್ಕಿಂತ ಮೊದಲು ಮುಚ್ಚಳ ಮುಚ್ಚುವುದು. 1,500 ಡಿಗ್ರಿಯ ಲೋಹದ ಬಾಯಿ ತೆರೆದಿದ್ದರೆ ಚದರ ಮೀಟರಿಗೆ ನೂರಾರು ಕಿಲೋವ್ಯಾಟ್ ಶಾಖ ಮೇಲಕ್ಕೆ ಹೋಗುತ್ತದೆ. ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಒಂದು ಪವರ್ ಮೀಟರ್ ಹಿಡಿದು ಒಂದು ವಾರ ನಿಂತರೆ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲೇ ಇದನ್ನು ಮಾಡಿ ತೋರಿಸಬಹುದು, ಮಾಲೀಕರಿಗೆ ಕರೆಂಟ್ ಬಿಲ್ಲೂ ಇಳಿಯುತ್ತದೆ.

ಇನ್ನು ಇಂಗಾಲದ ಬದಲಿಗೆ ಹೈಡ್ರೋಜನ್. ಕಾಲೇಜುಗಳ ವಿಚಾರಗೋಷ್ಠಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳುವ ಹೆಸರು ಇದೇ. ಸ್ವೀಡನ್ನಿನ ಲುಲಿಯೊದಲ್ಲಿ 2020ರಲ್ಲಿ ಶುರುವಾದ ಹೈಬ್ರಿಟ್ ಪ್ರಾಯೋಗಿಕ ಘಟಕ ಹೈಡ್ರೋಜನ್ನಿನಿಂದಲೇ ಅದಿರನ್ನು ಕಬ್ಬಿಣ ಮಾಡಿ ತೋರಿಸಿದೆ. ಜಂಶೆಡ್‌ಪುರದಲ್ಲಿ ಟಾಟಾ ಸ್ಟೀಲ್ 2023ರ ಏಪ್ರಿಲ್‌ನಲ್ಲಿ ಬ್ಲಾಸ್ಟ್ ಫರ್ನೇಸ್‌ಗೇ ಹೈಡ್ರೋಜನ್ ಊದುವ ಪ್ರಯೋಗ ನಡೆಸಿತು. ಎರಡೂ ದೊಡ್ಡ ಕೆಲಸ. ಆದರೆ ವಿದ್ಯಾರ್ಥಿಗೆ ಘೋಷಣೆಗಿಂತ ಮೊದಲು ಲೆಕ್ಕ ಕಲಿಸಬೇಕು. ಒಂದು ಟನ್ ಕಬ್ಬಿಣಕ್ಕೆ ರಸಾಯನಶಾಸ್ತ್ರದ ಪ್ರಕಾರವೇ 54 ಕಿಲೋ ಹೈಡ್ರೋಜನ್ ಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಮಾಡಲು ಸುಮಾರು 52 ಯೂನಿಟ್, ಒಟ್ಟು 2,800 ಯೂನಿಟ್. ಇಂದಿನ ಗ್ರಿಡ್ ವಿದ್ಯುತ್ತಿನಿಂದ ಮಾಡಿದರೆ 2,000 ಕಿಲೋ ಕಾರ್ಬನ್ ಡೈಆಕ್ಸೈಡ್. ಬ್ಲಾಸ್ಟ್ ಫರ್ನೇಸ್‌ನ 1,690ಕ್ಕಿಂತ ಇದು ಹೆಚ್ಚು! ರಿಫೈನರಿಗಳಲ್ಲಿ ನೈಸರ್ಗಿಕ ಅನಿಲದಿಂದ ಮಾಡುವ ಹೈಡ್ರೋಜನ್ ಆದರೆ ಕಿಲೋಗೆ 9ರಿಂದ 10 ಕಿಲೋ, ಟನ್ ಕಬ್ಬಿಣಕ್ಕೆ 500 ಕಿಲೋದ ಆಸುಪಾಸು, ಕಾಯಿಸುವ ಶಾಖದ ಲೆಕ್ಕ ಬೇರೆ. ಅದೇ ಅನಿಲವನ್ನು ನೇರವಾಗಿ ಶಾಫ್ಟ್ ಫರ್ನೇಸ್‌ಗೆ (ಅದಿರನ್ನು ಕರಗಿಸದೆಯೇ ಕಬ್ಬಿಣವಾಗಿಸುವ ಎತ್ತರದ ಕುಲುಮೆ) ಕೊಟ್ಟು ಸ್ಪಂಜ್ ಐರನ್ (ಹಾಗೆ ಬರುವ ರಂಧ್ರಗಳ ಕಬ್ಬಿಣ) ಮಾಡಿದರೆ ಟನ್ನಿಗೆ ಸುಮಾರು 10 ಗಿಗಾಜೂಲ್ ಅನಿಲ ಸಾಕು, ಹೊರಸೂಸುವಿಕೆ 550 ಕಿಲೋ ಆಚೀಚೆ. ಹಾಗಾಗಿ ಅನಿಲವನ್ನು ಮೊದಲು ಹೈಡ್ರೋಜನ್ ಮಾಡಿ ಆಮೇಲೆ ಕಬ್ಬಿಣ ಮಾಡುವುದರಲ್ಲಿ ಗಳಿಕೆ ಏನೂ ಇಲ್ಲ. ಸೌರ, ಗಾಳಿ, ಜಲವಿದ್ಯುತ್ ಸಿಗುವವರೆಗೆ ಅನಿಲದ ದಾರಿ, ಸಿಕ್ಕಾಗ ಅದೇ ಶಾಫ್ಟಿಗೆ ಸ್ವಲ್ಪ ಸ್ವಲ್ಪವಾಗಿ ಹೈಡ್ರೋಜನ್: ನಮ್ಮ ಅಭಿಪ್ರಾಯದಲ್ಲಿ ಕರಾವಳಿಗೆ ಒಪ್ಪುವ ಕ್ರಮ ಇದು. ಕೊಚ್ಚಿ–ಮಂಗಳೂರು ಅನಿಲ ಪೈಪ್‌ಲೈನ್ 2021ರ ಜನವರಿಯಲ್ಲೇ ಉದ್ಘಾಟನೆಯಾಗಿದೆ.

ಶುದ್ಧ ಹೈಡ್ರೋಜನ್ನಿಗೆ ಹೋದಾಗ ಬರುವ ತೊಂದರೆಗಳೂ ಪಾಠವಾಗಬೇಕು. ಕಾರ್ಬನ್ ಮಾನಾಕ್ಸೈಡ್ ಅದಿರಿನೊಡನೆ ಸೇರುವಾಗ ಶಾಖ ಕೊಡುತ್ತದೆ, ಹೈಡ್ರೋಜನ್ ಶಾಖ ಹೀರುತ್ತದೆ, ಆದ್ದರಿಂದ ಗ್ಯಾಸನ್ನು 900 ಡಿಗ್ರಿಯ ಸುತ್ತ ಕಾಯಿಸಿ ಹೆಚ್ಚು ಪ್ರಮಾಣದಲ್ಲಿ ಕಳುಹಿಸಬೇಕು. ಆ ಬಿಸಿಗೆ ಪೆಲೆಟ್‌ಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುತ್ತವೆ, ಶಾಫ್ಟಿನಲ್ಲಿ ಅವು ಕೆಳಗಿಳಿಯುವುದು ನಿಲ್ಲುತ್ತದೆ. ಸುಣ್ಣದಂಥ ಲೇಪನ ಕೊಟ್ಟು ಅದನ್ನು ತಡೆಯುತ್ತಾರೆ. ಹೊರಬಂದ ಕಬ್ಬಿಣದಲ್ಲಿ ಇಂಗಾಲವೇ ಇರುವುದಿಲ್ಲ. ವಿದ್ಯುತ್ತಿನ ಆರ್ಕ್ ಫರ್ನೇಸ್‌ನಲ್ಲಿ ಕರಗಿಸುವಾಗ ಇಂಗಾಲವಿಲ್ಲದೆ ಸ್ಲ್ಯಾಗ್ ನೊರೆ ಏಳದು, ನೊರೆಯಿಲ್ಲದೆ ಆರ್ಕ್ (ವಿದ್ಯುತ್ ಜ್ವಾಲೆ) ಬೆತ್ತಲೆಯಾಗಿ ಗೋಡೆಯ ಇಟ್ಟಿಗೆ ಸುಡುತ್ತದೆ, ಗಾಳಿಯ ಸಾರಜನಕ ಉಕ್ಕಿಗೆ ಸೇರುತ್ತದೆ. ಆಗ ಇಂಗಾಲವನ್ನು ಬೇರೆಯಾಗಿ ಊದಬೇಕು. ಇಲ್ಲಿ ತೆಂಗಿನ ಚಿಪ್ಪಿನ ಇದ್ದಿಲಿಗೆ ಒಂದು ಜಾಗವಿದೆ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಶುರುವಾದದ್ದೇ ಮರದ ಇದ್ದಿಲಿನಿಂದ. ಹಾಗೆಂದು ಚಿಪ್ಪಿನಿಂದ ಬ್ಲಾಸ್ಟ್ ಫರ್ನೇಸ್ ನಡೆಸುವ ಕನಸು ಬೇಡ: 10 ಲಕ್ಷ ಟನ್ನಿನ ಒಂದು ಫರ್ನೇಸ್‌ಗೆ ಪುಡಿ ಕಲ್ಲಿದ್ದಲೇ ವರ್ಷಕ್ಕೆ ಒಂದೂವರೆ ಲಕ್ಷ ಟನ್ ಬೇಕು, ಮೇಲಾಗಿ ಇದ್ದಿಲಿಗೆ ಕೋಕ್‌ನ ಹಾಗೆ ಮೇಲಿನ ಭಾರ ಹೊರುವ ಗಟ್ಟಿತನವಿಲ್ಲ, ಅದರಲ್ಲಿರುವ ಪೊಟ್ಯಾಶಿಯಂ ಒಳಗೋಡೆಯನ್ನೂ ಕೋಕನ್ನೂ ಕೆಡಿಸುತ್ತದೆ.

ನೀರಿನ ಪ್ರಶ್ನೆ ಬಂದೇ ಬರುತ್ತದೆ. ಏಪ್ರಿಲ್–ಮೇ ಬಂತೆಂದರೆ ತುಂಬೆ ಅಣೆಕಟ್ಟಿನ ಮಟ್ಟ ನೋಡುತ್ತಾ ಕೂರುವ ಊರು ನಮ್ಮದು. ವರ್ಷಕ್ಕೆ 10 ಲಕ್ಷ ಟನ್ ಕಬ್ಬಿಣಕ್ಕೆ ಬೇಕಾದ ಹೈಡ್ರೋಜನ್ ಮಾಡಲು ಕಿಲೋಗೆ 10 ಲೀಟರ್ ಹಿಡಿದರೂ ದಿನಕ್ಕೆ 15 ಲಕ್ಷ ಲೀಟರ್. ಶಾಫ್ಟಿನಿಂದ ಬರುವ ಹಬೆಯನ್ನು ತಣಿಸಿದರೆ ಅದರಲ್ಲಿ ಬಹುಪಾಲು ಮರಳಿ ಸಿಗುತ್ತದೆ. ತಂಪು ಮಾಡುವ ನೀರಿನ ಲೆಕ್ಕ ಬೇರೆ, ಅದಕ್ಕೆ ನೇತ್ರಾವತಿಯನ್ನು ಮುಟ್ಟಬಾರದು. ತಣ್ಣೀರುಬಾವಿಯಲ್ಲಿ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಕಟ್ಟಿ ದಾರಿ ತೋರಿಸಿದೆ.

ಇಷ್ಟೆಲ್ಲ ಕಲಿಸಲು ಮಂಗಳೂರಿನ ಬಂದರಿರುವ ಪಣಂಬೂರಿಗಿಂತ ಒಳ್ಳೆಯ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ ಎಂದು ನಾವು ಹೇಳುವುದು ಊರಿನ ಅಭಿಮಾನಕ್ಕಲ್ಲ. ವರ್ಷಕ್ಕೆ 35 ಲಕ್ಷ ಟನ್ ಸಾಮರ್ಥ್ಯದ ಕೆಐಒಸಿಎಲ್ (ಕುದುರೆಮುಖ ಕಬ್ಬಿಣ ಅದಿರು ಕಂಪನಿ) ಪೆಲೆಟ್ ಘಟಕ ಇಲ್ಲಿದೆ. ಕುದುರೆಮುಖದ ಅದಿರು 67 ಕಿಲೋಮೀಟರ್ ಪೈಪಿನಲ್ಲಿ ನೀರಿನೊಡನೆ ಹರಿದು ಬರುತ್ತಿದ್ದ ಕಾಲದಲ್ಲಿ ಅದು ಮ್ಯಾಗ್ನಟೈಟ್ ಎಂಬ ಬಗೆಯ ಅದಿರು. ಸುಡುವಾಗ ಗಾಳಿಯ ಆಮ್ಲಜನಕ ಹಿಡಿದು ತಾನೇ ಶಾಖ ಬಿಡುತ್ತದೆ, ಬೇಕಾದ ಶಾಖದಲ್ಲಿ ದೊಡ್ಡ ಪಾಲು ಹಾಗೆ ಸಿಗುತ್ತದೆ. 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತು ಹೊರಗಿನ ಹೆಮಟೈಟ್ ಎಂಬ ಬಗೆಯ ಅದಿರು ಬಂದ ಮೇಲೆ ಆ ಶಾಖವಿಲ್ಲ, 1,250ರಿಂದ 1,300 ಡಿಗ್ರಿ ಮುಟ್ಟಲು ಇಂಧನ ಹೆಚ್ಚು ಬೇಕು. ಮಳೆಗಾಲದಲ್ಲಿ ಅದಿರು ಪುಡಿ ಶೇ. 9–10ಕ್ಕಿಂತ ಹೆಚ್ಚು ಒದ್ದೆಯಾದರೆ ಡಿಸ್ಕ್‌ನಲ್ಲಿ ಉಂಡೆ ಕಟ್ಟುವುದು ಕೆಡುತ್ತದೆ, ಒಣಗಿಸಲು ಮತ್ತೆ ಇಂಧನ. ಹಸಿರು ಉಕ್ಕಿನ ಸರ್ಕಾರಿ ವ್ಯಾಖ್ಯೆ ಪೆಲೆಟ್ ತಯಾರಿಕೆಯ ಹೊರಸೂಸುವಿಕೆಯನ್ನೂ ಉಕ್ಕಿನ ಲೆಕ್ಕಕ್ಕೆ ಸೇರಿಸುತ್ತದೆ. ಹಾಗಾಗಿ ಪಣಂಬೂರಿನಂಥ ಕಡೆ ಉರಿಯುವ ಇಂಧನ ಪೆಲೆಟ್ ಕೊಂಡವರ ನಕ್ಷತ್ರವನ್ನೂ ನಿರ್ಧರಿಸುತ್ತದೆ.

ಹೈಡ್ರೋಜನ್ ಅಥವಾ ಅನಿಲದ ದಾರಿಗೆ ಪೆಲೆಟ್‌ನಲ್ಲಿ ಶೇ. 67ರಷ್ಟು ಕಬ್ಬಿಣವಿರಬೇಕು. ಸಿಲಿಕಾ ಶೇ. 1 ಹೆಚ್ಚಾದರೆ ಆಗುವ ನಷ್ಟ ನೋಡಿ: ಟನ್ ಕಬ್ಬಿಣಕ್ಕೆ ಸುಮಾರು 15 ಕಿಲೋ ಸಿಲಿಕಾ, ಅದನ್ನು ಸ್ಲ್ಯಾಗ್ ಆಗಿಸಲು 30 ಕಿಲೋ ಸುಣ್ಣ, ಸುಣ್ಣ ಸುಡುವಾಗಲೇ 24 ಕಿಲೋ ಕಾರ್ಬನ್ ಡೈಆಕ್ಸೈಡ್, ಹೆಚ್ಚಾದ ಸ್ಲ್ಯಾಗ್‌ನೊಡನೆ ಒಂದಷ್ಟು ಕಬ್ಬಿಣವೂ ಹೊರಗೆ. ಬಳ್ಳಾರಿ–ಸಂಡೂರಿನ ಅದಿರಿನಲ್ಲಿ ಅಲ್ಯುಮಿನಾದ ಕಾಟವೂ ಇದೆ. ಅದನ್ನು ಅರೆದು, ತೊಳೆದು, ಪೆಲೆಟ್ ಮಾಡಿ, ಶಾಫ್ಟಿಗೆ ಒಪ್ಪುವಂತೆ ಮಾಡುವುದು ಕರ್ನಾಟಕದ್ದೇ ಸಮಸ್ಯೆ. ಅದರ ಪರಿಹಾರ ಸ್ವೀಡನ್ನಿನಿಂದ ಬರುವುದಿಲ್ಲ.

ಬಂದರಿನ ಪಾಠವೂ ಇಲ್ಲೇ. ಸ್ಪಂಜ್ ಐರನ್ ನೀರು, ಅದರಲ್ಲೂ ಉಪ್ಪು ನೀರು ತಾಗಿದರೆ ಬಿಸಿಯೇರಿ ಹೈಡ್ರೋಜನ್ ಬಿಡುತ್ತದೆ. ಹಡಗಿಗೆ ಹಾಕುವುದಾದರೆ 650 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಒತ್ತಿ, ಘನ ಸೆಂಟಿಮೀಟರಿಗೆ 5 ಗ್ರಾಂಗಿಂತ ಹೆಚ್ಚು ಸಾಂದ್ರತೆಯ ಬ್ರಿಕೆಟ್ (ಒತ್ತಿದ ಗಟ್ಟಿ ತುಂಡು) ಮಾಡಬೇಕು. ಇಲ್ಲಿಂದ ಅದಿರು ಪುಡಿ ಹೊತ್ತು ಹೊರಟ ಏಷಿಯನ್ ಫಾರೆಸ್ಟ್ ಹಡಗು 2009ರ ಜುಲೈಯಲ್ಲಿ ನಮ್ಮ ಕಡಲಿನಲ್ಲೇ ವಾಲಿ ಮುಳುಗಿತು. ಒದ್ದೆ ಪುಡಿ ಅಲುಗಾಟಕ್ಕೆ ಕೆಸರಿನಂತೆ ಹರಿದರೆ ಹಡಗು ವಾಲುತ್ತದೆ, ಹಾಗಾಗಿ ಮಳೆಗಾಲದ ಸರಕಿನಲ್ಲಿ ತೇವಾಂಶದ ಅಂಕಿ ಜೀವದ ಪ್ರಶ್ನೆಯೂ ಹೌದು.

ನಾವು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಲೋಹಶಾಸ್ತ್ರ ವಿಭಾಗವಿದೆ, ಕದ್ರಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಎರಡೂ ಕಡೆಯವರು ಸೇರಿ ಬಳಸುವ ಒಂದು ಪ್ರಯೋಗಾಲಯ ಸಾಕು. ಒಂದು ಲಂಬ ಟ್ಯೂಬ್ ಫರ್ನೇಸ್, ಅದಕ್ಕೆ ತೂಗುಹಾಕಿದ ತಕ್ಕಡಿ, ಸಾರಜನಕ, ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್‌ಗಳಿಗೆ ಹರಿವು ನಿಯಂತ್ರಕಗಳು. ಐಎಸ್‌ಒ 11258ರ ಪ್ರಕಾರ ಅರ್ಧ ಕಿಲೋ ಪೆಲೆಟ್ ಎಷ್ಟು ಕಬ್ಬಿಣವಾಗುತ್ತದೆ, ಮೇಲೆ ಭಾರ ಹೇರುವ ಜೋಡಣೆಯೂ ಇದ್ದರೆ 11256ರ ಪ್ರಕಾರ ಎಷ್ಟು ಅಂಟಿಕೊಳ್ಳುತ್ತದೆ ಎಂದು ಅಲ್ಲೇ ನೋಡಬಹುದು. ಪೆಲೆಟ್‌ನ ಗಟ್ಟಿತನ ಅಳೆಯಲು ಒತ್ತಿ ನೋಡುವ ಯಂತ್ರ, ಒಣಗಿಸುವ ಓವನ್, ಕೈಯಲ್ಲಿ ಹಿಡಿಯುವ ಹೊಗೆ ವಿಶ್ಲೇಷಕ, ಕ್ಲಾಂಪ್ ಪವರ್ ಮೀಟರ್. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದ್ದರಿಂದ ಗ್ಯಾಸ್ ಅಲಾರ್ಮ್ ಮತ್ತು ಹೊರಗೆಳೆಯುವ ಫ್ಯಾನ್ ಮೊದಲು ಬರಬೇಕು, ಫರ್ನೇಸ್ ಆಮೇಲೆ.

ಇದರ ಜೊತೆಗೆ ಒಂದು ಸೆಮಿಸ್ಟರಿನ ಒಂದು ಪತ್ರಿಕೆ. ಅದರಲ್ಲಿ ವಿದ್ಯಾರ್ಥಿಗೆ ಒಂದು ಕಾರ್ಖಾನೆಯ ಒಂದು ತಿಂಗಳ ಹಸಿ ಅಂಕಿಗಳನ್ನು ತಪ್ಪುಗಳ ಸಮೇತ ಕೊಡಬೇಕು: ತೇವಾಂಶ ತಿದ್ದದ ಕೋಕ್, ಪವರ್ ಪ್ಲಾಂಟಿನಲ್ಲೂ ಕೋಕ್ ಓವನ್ನಿನಲ್ಲೂ ಎರಡು ಸಲ ಎಣಿಸಿದ ಗ್ಯಾಸ್, ಲೆಕ್ಕಕ್ಕೇ ಬಾರದ ಸುಣ್ಣದ ಕಲ್ಲು. ಒಳಗೆ ಬಂದ ಇಂಗಾಲ, ಹೊರಗೆ ಹೋದ ಇಂಗಾಲ ತಾಳೆಯಾಗುವವರೆಗೆ ಹುಡುಕಬೇಕು. ತಾಳೆಯಾಗದ ಲೆಕ್ಕವನ್ನು ತಾಳೆಯಾಗಿದೆ ಎಂದು ಬರೆದವರಿಗೆ ಅಂಕ ಕೊಡಬಾರದು. ಇಂಧನ ದಕ್ಷತಾ ಬ್ಯೂರೋ ನಡೆಸುವ ಎನರ್ಜಿ ಆಡಿಟರ್ ಪರೀಕ್ಷೆಗೆ ಇದು ನೇರ ತಯಾರಿಯಾಗುತ್ತದೆ. ಕೇಂದ್ರದ ಅಪ್ರೆಂಟಿಸ್ ಯೋಜನೆಯಡಿ ಕೊನೆಯ ಆರು ತಿಂಗಳನ್ನು ಕಾರ್ಖಾನೆಯ ಯಾರ್ಡಿನಲ್ಲಿ, ಫರ್ನೇಸ್ ಕಂಟ್ರೋಲ್ ರೂಮಿನಲ್ಲಿ ಕಳೆಯುವಂತೆ ಕೈಗಾರಿಕಾ ಇಲಾಖೆ ಒಪ್ಪಂದ ಮಾಡಿಸಿಕೊಡಲಿ.

ಪೋಷಕರಿಗೂ ಮರೆಮಾಚದೆ ಹೇಳಿಬಿಡಿ. ಇದು ಪಾಳಿ ಕೆಲಸ. ಸೆಖೆ, ಧೂಳು, ರಾತ್ರಿ ಡ್ಯೂಟಿ ಇರುತ್ತದೆ. ಮೊದಲ ಕೆಲಸ ತೋರಣಗಲ್ಲಿನಲ್ಲೋ ಒಡಿಶಾದಲ್ಲೋ ಸಿಗಬಹುದು, ಆರಂಭದ ಸಂಬಳ ಬೆಂಗಳೂರಿನ ಸಾಫ್ಟ್‌ವೇರ್ ಸಂಬಳಕ್ಕೆ ಸಮವಾಗದಿರಬಹುದು. ಆದರೆ 2030–31ಕ್ಕೆ ದೇಶದ ಉಕ್ಕಿನ ಸಾಮರ್ಥ್ಯ 30 ಕೋಟಿ ಟನ್ ಆಗಬೇಕು ಎಂಬುದು 2017ರ ರಾಷ್ಟ್ರೀಯ ಉಕ್ಕು ನೀತಿಯ ಗುರಿ. ಈಗ ಕಟ್ಟುವ ಪ್ರತಿ ಫರ್ನೇಸ್ ದಶಕಗಟ್ಟಲೆ ಉರಿಯುತ್ತದೆ. ಲೋಹಶಾಸ್ತ್ರದವರಷ್ಟೇ ಅಲ್ಲ, ಕೆಮಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟೇಶನ್ ಓದಿದವರಿಗೂ ನಿವೃತ್ತಿಯವರೆಗೆ ಇಲ್ಲಿ ಕೆಲಸವಿದೆ.

ತೇವಾಂಶದ ಪ್ರಯೋಗಗಳಿಗೆ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು ಬೇರೆ ಕಾಲವಿಲ್ಲ. ಆದ್ದರಿಂದ ಪಠ್ಯ ಸಮಿತಿಯ ಸಭೆ ಜನವರಿಯೊಳಗೆ ಆಗಲಿ, ಉಪಕರಣಗಳ ಟೆಂಡರ್ ಫೆಬ್ರವರಿಯಲ್ಲಿ ಹೊರಡಲಿ. ಲೆಕ್ಕದ ಹಾಳೆಗಳು, ಪ್ರಯೋಗದ ವಿಧಾನ, ಗ್ಯಾಸ್ ಸುರಕ್ಷತೆಯ ನಿಯಮಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಾವು ಬರೆದುಕೊಡುತ್ತೇವೆ. ಮೊದಲ ಎರಡು ವರ್ಷ ಸಂಭಾವನೆಯಿಲ್ಲದೆ ಪಾಠ ಮಾಡಲೂ ಸಿದ್ಧರಿದ್ದೇವೆ. ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಉಕ್ಕು, ಪೆಲೆಟ್ ಹಾಗೂ ಫೌಂಡ್ರಿ ಕ್ಷೇತ್ರದ ಇಂಜಿನಿಯರುಗಳು
ಮಂಗಳೂರು